ಹರಿವಾಣದ ಮಟ್ಟು

ಸ್ಟಾಕ್‌ಹೋಮ್, 14 ಫೆಬ್ರವರಿ 2012

ಕೆರ್ಸ್ಟಿ,

ಲಕೋಟೆಯ ಮೇಲಿನ ಅಕ್ಷರ ಕಂಡ ಕೂಡಲೇ ಇದನ್ನು ಕಸದ ಬುಟ್ಟಿಗೆ ಹಾಕಬೇಕೆಂದು ನಿನ್ನ ಕೈ ಹೊರಟಿರುತ್ತದೆ. ಹಾಕಬೇಡ. ರಂಗದ ಎರಡು ಮೂಲೆಗಳಲ್ಲಿ ಬೆನ್ನು ತಿರುಗಿಸಿಕೊಂಡು ನಿಂತಿದ್ದ ಇಬ್ಬರಲ್ಲಿ ಒಬ್ಬ ಈಗ ಮುಖ ತಿರುಗಿಸಿದ್ದಾನೆ. ಆ ಒಬ್ಬ ನಾನು, ಆನ್ಸ್‌ಗಾರ್ ವಿಕ್‌ಬ್ಲಾಡ್. ಒಂದು ಕಾಲದಲ್ಲಿ ಸಂಗೀತಶಾಲೆಯಲ್ಲಿ ನಿನ್ನ ಪಕ್ಕದ ಕೋಣೆಯಲ್ಲಿ ಪಿಯಾನೊ ಕುಟ್ಟಿ ನಿನ್ನ ಪಿಟೀಲಿನ ಅಭ್ಯಾಸ ಕೆಡಿಸುತ್ತಿದ್ದವನು.

ನಿಮ್ಮ ತಂದೆ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ನಾನು ಆಗ ಬರ್ಲಿನ್ನಿನಲ್ಲಿದ್ದೆ, ನನ್ನ ದೀಪಸ್ತಂಭದ ಒಪೆರಾ ಅಲ್ಲಿ ರಂಗವೇರುತ್ತಿತ್ತು. ಕಲಿಯುವ ದಿನಗಳಲ್ಲಿ ನಿಮ್ಮೂರಿಗೆ ಬಂದಿದ್ದ ಆ ಬೇಸಿಗೆ ನನಗೆ ಮರೆತಿಲ್ಲ. ಓಸ್ಬಿಯ ನಿಮ್ಮ ಮನೆಯ ಜಗಲಿ, ಸರೋವರದ ಮೇಲೆ ಮುಳುಗಲು ಒಪ್ಪದ ಸೂರ್ಯ, ನಿಮ್ಮಪ್ಪ ಬರಿಗಾಲಿನಲ್ಲಿ ತಾಳ ಹಾಕುತ್ತಾ ಒಂದರ ಮೇಲೊಂದು ಮಟ್ಟು ನುಡಿಸಿದ್ದು. ನನ್ನನ್ನು "ಮಗಾ" ಎಂದು ಕರೆದಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಬರುವ ನವೆಂಬರಿನ ಸಕಲ ಸಂತರ ದಿನಕ್ಕೆ ನಿಮ್ಮ ಓಸ್ಬಿಯ ಚರ್ಚಿನಲ್ಲೇ, ಹೌದು ನಿಮ್ಮ ಚರ್ಚಿನಲ್ಲೇ, ಸತ್ತವರಿಗಾಗಿ ಒಂದು ದೊಡ್ಡ ಕೃತಿ ಬರೆದುಕೊಡಲು ನನ್ನನ್ನು ಕೇಳಿದ್ದಾರೆ. ರೇಡಿಯೊದವರು ಬರುತ್ತಾರೆ. ನಾನು ಒಪ್ಪಿದ್ದೇನೆ. ಆದರೆ ಕೆರ್ಸ್ಟಿ, ನಿನ್ನೆದುರು ಮೀಸೆ ತಿರುವಿ ಪ್ರಯೋಜನವಿಲ್ಲ: ನಾಲ್ಕು ಸಿಂಫನಿ ಬರೆದ ಈ ತಲೆ ಈಗ ಒಣಗಿದ ಬಾವಿ. ಬಕೆಟ್ಟು ಇಳಿಬಿಟ್ಟರೆ ಕಲ್ಲಿಗೆ ಬಡಿದ ಸದ್ದು ಮಾತ್ರ ಬರುತ್ತದೆ. ನಿಮ್ಮಪ್ಪನ ಬಳಿ ಇನ್ನೂ ಮಟ್ಟುಗಳಿದ್ದವು. ಅವು ನಿನ್ನ ಬೆರಳಿನಲ್ಲಿ ಇವೆ. ಒಂದನ್ನು ಕೊಡು. ಒಂದೇ ಒಂದು.

ಆನ್ಸ್‌ಗಾರ್


ಮಾಲ್ಮೊ, 2 ಮಾರ್ಚ್ 2012

ಆನ್ಸ್‌ಗಾರ್,

ನಿನ್ನ ಕಾಗದ ಹರಿದು ಎಸೆಯಲಿಲ್ಲ. ಎಸೆದಿದ್ದರೆ ನಿನಗೆ ಉತ್ತರ ಸಿಗುತ್ತಿರಲಿಲ್ಲ, ಉತ್ತರ ಸಿಗಲೇಬೇಕು.

ಸೂರ್ಯ, ಜಗಲಿ, ಬರಿಗಾಲು ಎಲ್ಲ ನೆನಪಿದೆ ನಿನಗೆ. ನೆನಪಿಲ್ಲದ್ದನ್ನು ನಾನು ಹೇಳುತ್ತೇನೆ, ಕೂತು ಕೇಳು.

ನಮ್ಮೂರಿನಲ್ಲಿ ಪಿಟೀಲುಗಾರನೊಬ್ಬ ಮಟ್ಟು ನುಡಿಸುವ ಮೊದಲು ಏನು ಹೇಳುತ್ತಾನೆ? "ಇದು ಇಂಥವನಿಂದ ಬಂದದ್ದು." ಅಷ್ಟೇ. ಮದುವೆಯಿರಲಿ, ಅಡುಗೆಮನೆಯಿರಲಿ, ಕೇಳುವವನು ಒಬ್ಬನೇ ಇರಲಿ. ಮಟ್ಟಿಗೆ ಯಾರೂ ಬೇಲಿ ಹಾಕುವುದಿಲ್ಲ, ಯಾರು ಬೇಕಾದರೂ ನುಡಿಸಬಹುದು. ಆದರೆ ತೆಗೆದುಕೊಂಡವನು ಕೊಟ್ಟವನ ಹೆಸರನ್ನು ತನ್ನ ಬಾಯಿಂದ ಹೇಳಬೇಕು. ಆ ಬೇಸಿಗೆಯಲ್ಲಿ ಅಪ್ಪ ಪ್ರತಿ ಮಟ್ಟಿಗೂ ಹಾಗೆ ಹೇಳಿಯೇ ನಿನ್ನ ಕಿವಿಗೆ ಹಾಕಿದ್ದ. ಅವನ ಸ್ವಂತದ ಪೋಲ್ಸ್ಕ ಕುಣಿತದ ಮಟ್ಟು ಬಂದಾಗ ಮಾತ್ರ ನಾಚಿಕೊಂಡು, "ಇದು ಯಾರಿಂದಲೂ ಅಲ್ಲ ಮಗಾ, ನಾನೇ," ಅಂದಿದ್ದ.

ಐದು ವರ್ಷದ ಮೇಲೆ, ವಾದ್ಯವೃಂದದೊಂದಿಗೆ ನುಡಿಸುವ ನಿನ್ನ ಪಿಟೀಲು ಕಾನ್ಸರ್ಟೊ ರೇಡಿಯೊದಲ್ಲಿ ಬಂತು. ಇಡೀ ಊರು ನಮ್ಮ ಅಡುಗೆಮನೆಯಲ್ಲಿ ಸೇರಿತ್ತು. ಬಸಿಯಲ್ಲಿ ಕಾಫಿ ಹಾಕಿಕೊಂಡು ಕುಡಿಯುತ್ತಿದ್ದವರು ರೇಡಿಯೊ ಶುರುವಾದಾಗ ಹೀರುವುದನ್ನೂ ನಿಲ್ಲಿಸಿದರು. ಕೊನೆಯ ಭಾಗದಲ್ಲಿ ಅಪ್ಪನ ಪೋಲ್ಸ್ಕ ಎದ್ದಿತು. ಪೂರ್ತಿ ವಾದ್ಯವೃಂದ ಅದನ್ನು ಹೆಗಲ ಮೇಲೆ ಹೊತ್ತು ಮೆರೆಸಿತು. ಅಪ್ಪ ಅಮ್ಮನ ಕೈ ಹಿಡಿದುಕೊಂಡ. "ಈಗ ಹೇಳ್ತಾನೆ ನೋಡು," ಅಂದ. ರೇಡಿಯೊದವಳು ನಿನ್ನನ್ನು ಕೇಳಿದಳು, ಆ ಮಟ್ಟು ಎಲ್ಲಿಂದ ಬಂತು ಎಂದು. ನೀನು ಹೇಳಿದೆ: "ಅದು ನನ್ನೊಳಗೇ ಇತ್ತು."

ಅಪ್ಪ ಅಮ್ಮನ ಕೈ ಬಿಟ್ಟ. ಆಮೇಲಿನದು ಕೇಳು. ಮದುವೆಗಳಲ್ಲಿ ಹುಡುಗರು ಅವನಿಗೆ ಹೇಳತೊಡಗಿದರು, "ಅಜ್ಜಾ, ಆ ವಿಕ್‌ಬ್ಲಾಡರ ಮಟ್ಟು ನುಡಿಸು. ಪರವಾಗಿಲ್ಲ, ನೀನೂ ಕಲಿತಿದ್ದೀಯ." ಅವನದೇ ಮಟ್ಟಿಗೆ ಅವನು ಕಳ್ಳನಾದ. ನಾವು ಯಾರಾದರೂ ಬಾಯಿ ಬಿಡಲು ಹೋದರೆ ತಡೆಯುತ್ತಿದ್ದ. ತೆಗೆದುಕೊಂಡವನೇ ಹೇಳಬೇಕು, ಬೇರೆಯವರು ಹೇಳಿದರೆ ಅದು ಭಿಕ್ಷೆ, ಅನ್ನುತ್ತಿದ್ದ. ಆ ಪೋಲ್ಸ್ಕವನ್ನು ಸಾಯುವವರೆಗೂ ಮತ್ತೆ ಮುಟ್ಟಲಿಲ್ಲ.

ಮಟ್ಟು ಬೇಕೇ ನಿನಗೆ? ಬೆಲೆ ಇದು: ಓಸ್ಬಿಯ ಚರ್ಚಿನಲ್ಲಿ ಎದ್ದು ನಿಂತು, ನನ್ನ ಕಾನ್ಸರ್ಟೊದ ಪೋಲ್ಸ್ಕ ಮೀರ್ ಆಂಡರ್ಸನಿಂದ ಬಂದದ್ದು ಎಂದು ಹೇಳು. ನಮ್ಮೂರಿನ ರೀತಿಯಲ್ಲಿ, ಮನೆತನದ ಹೆಸರು ಮೊದಲು, ಅಪ್ಪನ ಹೆಸರು ಆಮೇಲೆ.

ಕೆರ್ಸ್ಟಿ


ಸ್ಟಾಕ್‌ಹೋಮ್, 20 ಮಾರ್ಚ್ 2012

ಕೆರ್ಸ್ಟಿ,

ಎಂಥ ಪ್ರವೇಶ. ನಿನ್ನನ್ನು ಮಾಲ್ಮೊದ ವಾದ್ಯವೃಂದದ ಎರಡನೆಯ ಪಿಟೀಲುಗಳ ಸಾಲಿನಲ್ಲಿ ಕೂರಿಸಿದವರು ನಾಟಕ ಮಂಡಳಿಗೆ ದ್ರೋಹ ಮಾಡಿದ್ದಾರೆ.

ಆದರೆ ಯೋಚಿಸು. ಆ ಕಾನ್ಸರ್ಟೊ ನನ್ನ ಮನೆಯ ತಳಪಾಯ. ಅದರಿಂದ ಪ್ರಾಧ್ಯಾಪಕನಾದೆ, ಅದರಿಂದ ಒಪೆರಾ ಬಂತು, ಅದರಿಂದ ಬಂಗಾರದ ಪದಕ ಕೊರಳಿಗೆ ಬಿತ್ತು. ಪ್ರತಿಯೊಂದು ಪುಸ್ತಕದಲ್ಲೂ ಬರೆದಿದೆ, "ವಿಕ್‌ಬ್ಲಾಡ್ ಯಾರಿಂದಲೂ ಏನನ್ನೂ ತೆಗೆದುಕೊಳ್ಳದೆ ಉತ್ತರದ ದನಿಯನ್ನು ತನ್ನೊಳಗಿಂದಲೇ ಕಂಡುಕೊಂಡ" ಎಂದು. ಅದನ್ನು ಬರೆದವನು ನಾನಲ್ಲ. ಅಲ್ಲಗಳೆಯಲಿಲ್ಲ, ಅಷ್ಟೇ. ಈ ವಯಸ್ಸಿನಲ್ಲಿ ತಳಪಾಯದ ಕಲ್ಲು ಕೀಳು ಅನ್ನುತ್ತೀಯಲ್ಲ, ಮೇಲಿನ ಮಾಳಿಗೆಯಲ್ಲಿ ನಾನು ನಿಂತಿದ್ದೇನೆ ಮಾರಾಯ್ತಿ.

ನಿಮ್ಮಪ್ಪ ಕೊಟ್ಟದ್ದು ಒಂದು ಹಿಡಿ ಹಿಟ್ಟು. ರೊಟ್ಟಿ ಸುಟ್ಟವನು ನಾನು. ಹೊಸ ಕೃತಿಯ ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಬೇಕಾದರೆ "ಓಸ್ಬಿಯ ಜನಪದ ಕಲಾವಿದರಿಗೆ ಕೃತಜ್ಞತೆ" ಎಂದು ಹಾಕಿಸುತ್ತೇನೆ. ಕಾನ್ಸರ್ಟೊ ಬಗ್ಗೆ ನಾನು ಬಾಯಿ ತೆರೆಯುವುದಿಲ್ಲ. ಸತ್ತ ಮೇಲೂ ತೆರೆಯುವುದಿಲ್ಲ.

ಕೋಪ ಬಿಡು. ಮಟ್ಟು ಕಳಿಸು.

ಆನ್ಸ್‌ಗಾರ್


ಮಾಲ್ಮೊ, 11 ಮೇ 2012

ಪ್ರಿಯ ಆನ್ಸ್‌ಗಾರ್,

ಉತ್ತರ ತಡವಾಯಿತು. ನಿನ್ನ ಕಾಗದ ಓದಿ ಮೊದಲು ಅದನ್ನು ಮೇಜಿನ ಖಾನೆಗೆ ಎಸೆದೆ. ಆಮೇಲೆ ಬರ್ಚ್ ಮರಗಳು ಚಿಗುರಿದವು, ಕಿಟಕಿ ತೆರೆದೆ, ಮನಸ್ಸೂ ಸ್ವಲ್ಪ ತೆರೆಯಿತು. ನಮಗೂ ವಯಸ್ಸಾಯಿತು. ಅರವತ್ತು ದಾಟಿದ ಮೇಲೆ ಹಲ್ಲು ಕಡಿದರೆ ಹಲ್ಲಿಗೇ ನಷ್ಟ.

ನೀನು ಹೇಳಿದ್ದು ಸರಿ. ಕಾನ್ಸರ್ಟೊ ಮಾತು ಬಿಡೋಣ. ಇದರ ಜೊತೆಗಿರುವ ಹಾಳೆಯಲ್ಲಿ ಒಂದು ಮಟ್ಟು ಬರೆದಿದ್ದೇನೆ. ಇದು ಮೀರ್ ಆಂಡರ್ಸನಿಂದ ಬಂದದ್ದು. ಆಸ್ಪತ್ರೆಗೆ ಹೋಗುವ ಮೊದಲಿನ ವಾರ ಅಪ್ಪ ಇದನ್ನೇ ನುಡಿಸುತ್ತಿದ್ದ. ನೋಡಲು ಹಗುರವಾಗಿ ಕಾಣುತ್ತದೆ, ಮೋಸಹೋಗಬೇಡ. ನಿಧಾನವಾಗಿ ನುಡಿಸು. ಇನ್ನೂ ನಿಧಾನವಾಗಿ. ಆಗ ಅದರ ಎದೆ ತೆರೆದುಕೊಳ್ಳುತ್ತದೆ.

ಒಂದೇ ಬೇಡಿಕೆ: ಈ ಮಟ್ಟಿಗಾದರೂ ಅಪ್ಪನ ಹೆಸರನ್ನು ಚರ್ಚಿನಲ್ಲಿ ಎದ್ದು ನಿಂತು ಹೇಳು. ಆಗದಿದ್ದರೆ ಬಿಡು.

ಕೆರ್ಸ್ಟಿ


ಸ್ಟಾಕ್‌ಹೋಮ್, 30 ಆಗಸ್ಟ್ 2012

ನನ್ನ ಕೆರ್ಸ್ಟಿ,

ಬಾವಿಯಲ್ಲಿ ನೀರು ಬಂತು. ಗಂಟಲುದ್ದ ಬಂತು.

ಮೂರು ತಿಂಗಳು ಈ ಮಟ್ಟಿನೊಳಗೇ ವಾಸವಾಗಿದ್ದೆ. ನಿಧಾನಗೊಳಿಸಿದೆ, ಇನ್ನೂ ನಿಧಾನಗೊಳಿಸಿದೆ, ಕೊನೆಗೆ ಪ್ರತಿ ಸ್ವರವೂ ಗೋರಿಕಲ್ಲಿನಷ್ಟು ಭಾರವಾಯಿತು. ಮೊದಲು ಮಂದ್ರ ದನಿಯ ಚೆಲ್ಲೊಗಳು ಕತ್ತಲೊಳಗಿಂದ ಎತ್ತುತ್ತವೆ. ಆಮೇಲೆ ಹಿತ್ತಾಳೆಯ ತುತ್ತೂರಿಗಳು. ಆಗ ಚರ್ಚಿನ ದೊಡ್ಡ ಬಾಗಿಲು ತೆರೆಯುತ್ತದೆ. ಗಾಯನ ಮೇಳದವರು ಮೆರವಣಿಗೆಯಲ್ಲಿ ನಡು ಹಾದಿಯಲ್ಲಿ ಬರುತ್ತಾರೆ, ಕೈಯಲ್ಲಿ ದೊಡ್ಡ ತಟ್ಟೆಗಳು, ತಟ್ಟೆಗಳಲ್ಲಿ ಊರಿನ ಸತ್ತವರಿಗಾಗಿ ಉರಿಯುವ ಮೇಣದಬತ್ತಿಗಳು. ಇದನ್ನು ಯಾರೂ ನನಗೆ ಸೂಚಿಸಲಿಲ್ಲ. ಮಟ್ಟೇ ಕೇಳಿತು. ಏನನ್ನೋ ಎತ್ತಿಕೊಂಡು ನಡೆಯುವ ಲಯ ಅದರಲ್ಲಿದೆ. ಸಾವನ್ನು ಎತ್ತಿಕೊಂಡು ನಡೆಯುವ ಲಯ ಎಂದು ನನಗೆ ಅರ್ಥವಾಯಿತು. ನಿಮ್ಮಪ್ಪನಿಗೆ ಗೊತ್ತಿತ್ತು ತಾನು ಹೋಗುತ್ತಿದ್ದೇನೆ ಎಂದು.

ನೀನು ಬರಬೇಕು. ಮುಂದಿನ ಸಾಲಿನಲ್ಲಿ ನಿನಗೆ ಜಾಗ ಹಿಡಿಯುತ್ತೇನೆ, ನನ್ನ ಪಕ್ಕದಲ್ಲಿ. ಆ ಬೇಸಿಗೆಯ ನಂತರ ನಾವು ಒಂದೇ ಬೆಂಚಿನಲ್ಲಿ ಕೂತಿಲ್ಲ.

ಹೆಸರಿನ ವಿಷಯ: ನೋಡೋಣ. ಕೃತಿ ಮುಗಿದ ಕ್ಷಣದ ಮೌನವನ್ನು ಮಾತಿನಿಂದ ಕೆಡಿಸುವುದು ನನಗೆ ಒಗ್ಗುವುದಿಲ್ಲ.

ನಿನ್ನ ಆನ್ಸ್‌ಗಾರ್


ಮಾಲ್ಮೊ, 10 ಸೆಪ್ಟೆಂಬರ್ 2012

ಆನ್ಸ್‌ಗಾರ್,

ಬರುತ್ತೇನೆ. ಮುಂದಿನ ಸಾಲು ಬೇಡ, ಹಿಂದೆ ಕೂರುತ್ತೇನೆ. ಹಿಂದಿನಿಂದ ಎಲ್ಲರ ತಲೆಗಳೂ ಕಾಣುತ್ತವೆ.

ಮೆರವಣಿಗೆ ಎಂದೆಯಲ್ಲ, ಓದಿ ಮೈ ಜುಮ್ಮೆಂದಿತು. ತಟ್ಟೆಗಳನ್ನು ಎದೆಮಟ್ಟಕ್ಕಲ್ಲ, ಭುಜದ ಮೇಲಕ್ಕೆ ಎತ್ತಿ ಹಿಡಿಯಲು ಹೇಳು. ತೂಕವಿರುವಂತೆ ಹಿಡಿಯಲಿ. ಊರವರಿಗೆ ಅರ್ಥವಾಗುತ್ತದೆ.

ಕೆರ್ಸ್ಟಿ


ಓಸ್ಬಿ, 29 ಅಕ್ಟೋಬರ್ 2012

ಕೆರ್ಸ್ಟಿ,

ಅಭ್ಯಾಸಕ್ಕೆಂದು ಬಂದು ಎರಡು ದಿನವಾಯಿತು. ಸರೋವರದ ಅಂಚಿನಲ್ಲಿ ಮಂಜುಗಡ್ಡೆ ಕಟ್ಟುತ್ತಿದೆ. ಗಾಯನ ಮೇಳದ ಹೆಂಗಸರು ತುಂಬ ಉಲ್ಲಾಸದ ಜನ. ಅವರಲ್ಲಿ ಬ್ರಿಂಕ್ ಮಾರ್ಗಿತ್ ಎಂಬ ಹಿರಿಯಾಕೆ ನನ್ನನ್ನು ಕಾಫಿಗೆ ಕರೆದಿದ್ದರು. ಏಲಕ್ಕಿ ಹಾಕಿದ ಬನ್ನು ಚೆನ್ನಾಗಿತ್ತು.

ಯೋಚಿಸಿ ನೋಡಿದೆ. ನೀನು ಕೇಳಿದ್ದು ನ್ಯಾಯ. ಕೃತಿ ಮುಗಿದ ಮೇಲೆ ಎದ್ದು ನಿಂತು ನಿಮ್ಮಪ್ಪನ ಹೆಸರು ಹೇಳುತ್ತೇನೆ. ಗಟ್ಟಿಯಾಗಿ ಹೇಳುತ್ತೇನೆ.

ಆ.


ಮಾಲ್ಮೊ, 5 ನವೆಂಬರ್ 2012

ಆನ್ಸ್‌ಗಾರ್,

ಈ ಕಾಗದವನ್ನು ನಾನು ಮನಸ್ಸಿನಲ್ಲಿ ಬೇಸಿಗೆಯಿಡೀ ಬರೆದಿದ್ದೆ. ಬೇರೆ ಥರ ಬರೆದಿದ್ದೆ. ಮೊದಲರ್ಧವನ್ನು ಹಾಗೆಯೇ ಬರೆಯುತ್ತೇನೆ, ಅದನ್ನಾದರೂ ನನ್ನಿಂದ ಕಿತ್ತುಕೊಳ್ಳಬೇಡ.

ಅದು ಸಾವಿನ ಮಟ್ಟಲ್ಲ. ಓಸ್ಬಿಯ ಮದುವೆ ಊಟದಲ್ಲಿ ಹುರಿದ ಹಂದಿ ತೊಡೆಯ ಹರಿವಾಣವನ್ನು ಅಡುಗೆಮನೆಯಿಂದ ಎತ್ತಿಕೊಂಡು ಬರುವಾಗ ನುಡಿಸುವ ಮಟ್ಟು. ಹರಿವಾಣದ ಮಟ್ಟು ಎಂದೇ ಅದರ ಹೆಸರು. ನಮ್ಮೂರಿನ ಮಗುವಿಗೂ ಗೊತ್ತು. ಆ ಮಟ್ಟು ಕಿವಿಗೆ ಬಿದ್ದರೆ ಬಾಯಲ್ಲಿ ನೀರೂರುತ್ತದೆ. ಅಪ್ಪನ ಕೊನೆಯ ವಾರ, ಆಸ್ಪತ್ರೆ, ಎಲ್ಲ ನಾನು ಕಟ್ಟಿದ್ದು.

ಎಷ್ಟು ಚೆನ್ನಾಗಿ ನಡೆಯಿತು. ಚೆಲ್ಲೊಗಳು ಶುರುಮಾಡಿದಾಗ ಯಾರಿಗೂ ಗೊತ್ತಾಗಲಿಲ್ಲ, ಅಷ್ಟು ನಿಧಾನ. ತುತ್ತೂರಿಗಳು ಎತ್ತಿಕೊಂಡಾಗ ನನ್ನ ಮುಂದಿನ ಸಾಲಿನ ಮುದುಕ ತಲೆ ಓರೆ ಮಾಡಿದ. ಬಾಗಿಲು ತೆರೆಯಿತು. ಭುಜದ ಮೇಲೆ ತಟ್ಟೆ ಎತ್ತಿಕೊಂಡು ಹೆಂಗಸರು ಒಳಗೆ ಬಂದರು, ತುಟಿ ಕಚ್ಚಿಕೊಂಡು. ಮುದುಕ ಹೆಂಡತಿಗೆ ಪಿಸುಗುಟ್ಟಿದ: "ಇವತ್ತು ಸಾಸ್ ಬೇರೆ ಕೊಡ್ತಾರೇನೇ?" ಅವಳು, "ಸುಮ್ನಿರಿ, ನಿಮ್ಮಪ್ಪನ ದೀಪಾನೂ ಅದರಲ್ಲಿದೆ," ಅಂದಳು, ಅಂದವಳಿಗೇ ಭುಜ ಕುಣಿಯತೊಡಗಿತು. ಅಲ್ಲಿಂದ ನಗು ಬೆಂಚಿನಿಂದ ಬೆಂಚಿಗೆ ಹರಿಯಿತು. ಯಾರೋ ಕೆಮ್ಮಿನಲ್ಲಿ ಮುಚ್ಚಿದರು, ಯಾರೋ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದರು. ನಿನ್ನ ಬೆನ್ನು ಮೊದಲ ಸಾಲಿನಲ್ಲಿ ಕಂಬದಂತೆ ನೆಟ್ಟಗಿತ್ತು. ಅಪ್ಪಾ ನೋಡು, ಅಂದುಕೊಂಡೆ.

ಇಲ್ಲಿಗೆ ನನ್ನ ಅರ್ಧ ಮುಗಿಯಿತು.

ನೀನು ಎದ್ದೆ. ಮೈಕಿನ ಮುಂದೆ ನಿಂತೆ. ನಿನ್ನ ಮುಖದಲ್ಲಿ ಬೆವರಿರಲಿಲ್ಲ. "ಈ ಮಟ್ಟು ನನ್ನದಲ್ಲ," ಅಂದೆ. "ಇದು ಮೀರ್ ಆಂಡರ್ಸನಿಂದ ಬಂದದ್ದು. ಸಾಯುವ ಮುನ್ನ ತಂದೆ ನುಡಿಸಿದ ಶೋಕದ ಮಟ್ಟು ಎಂದು ಅವರ ಮಗಳು ಕೆರ್ಸ್ಟಿ ತಮ್ಮ ಕೈಯಾರೆ ಬರೆದು ಕಳಿಸಿದರು. ಅವರು ಇಲ್ಲೇ ಇದ್ದಾರೆ. ಹಿಂದಿನ ಬೆಂಚಿನಲ್ಲಿ."

ನಗು ನಿಂತಿತು. ಎಲ್ಲ ತಲೆಗಳೂ ತಿರುಗಿದವು. ಹಿಂದೆ ಕೂತರೆ ತಲೆಗಳು ಕಾಣುತ್ತವೆ ಎಂದಿದ್ದೆ. ಮುಖಗಳು ಕಂಡವು.

ನಿನಗೆ ಮೊದಲೇ ಗೊತ್ತಿತ್ತು. ಯಾವಾಗಿನಿಂದ?

ಕೆರ್ಸ್ಟಿ


ಸ್ಟಾಕ್‌ಹೋಮ್, 12 ನವೆಂಬರ್ 2012

ಕೆರ್ಸ್ಟಿ,

ಏಲಕ್ಕಿ ಬನ್ನಿನಿಂದ.

ಮಾರ್ಗಿತ್ ಕಾಫಿ ಬಗ್ಗಿಸುತ್ತಾ ಕೇಳಿದರು, "ಪ್ರೊಫೆಸರೇ, ಆ ಮಟ್ಟು ಯಾರಿಂದ ಬಂತು ನಿಮಗೆ?" ನಾನು ಹೇಳಿದೆ. ಆಕೆ ಕೆಟಲನ್ನು ಒಲೆಯ ಮೇಲೆ ಇಟ್ಟರು, ಕಣ್ಣೊರೆಸಲು ಅಡುಗೆಬಟ್ಟೆ ತೆಗೆದುಕೊಂಡರು, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. "ಆಂಡರ್ಸನಿಂದ ಅಂತೆ. ಅಯ್ಯೋ ದೇವರೇ. ಅದು ನಮ್ಮಜ್ಜಂದು ಕಣ್ರೀ. ಬ್ರಿಂಕ್ ಊಲಾಫನದು. ಹಂದಿ ತೊಡೆ ಹೊತ್ಕೊಂಡು ಬರೋವಾಗ ನುಡಿಸೋದು." ಆಮೇಲೆ ತಮಾಷೆ ನಿಂತಿತು. ಆಕೆ ಹೇಳಿದರು: "ಆಂಡರ್ಸ್ ಬದುಕಿದ್ದಿದ್ರೆ, ನಮ್ಮಜ್ಜನ ಮಟ್ಟಿಗೆ ತನ್ನ ಹೆಸರು ಹಾಕಿದ ಕೈಯನ್ನ ಮುಟ್ತಿರಲಿಲ್ಲ. ಮಗಳಾದ್ರೂ ಸರಿ."

ವಾದ್ಯವೃಂದ ಸಿದ್ಧವಾಗಿತ್ತು, ರೇಡಿಯೊ ಸಿದ್ಧವಾಗಿತ್ತು, ಐದು ದಿನದಲ್ಲಿ ಹೊಸದು ಬರೆಯಲಾಗದು. ಕೃತಿಯನ್ನು ಹಿಂತೆಗೆದುಕೊಂಡು ಓಡಿಹೋಗಬಹುದಿತ್ತು. ಆದರೆ ನೀನೇ ನನ್ನ ಕೈಗೆ ಕತ್ತಿ ಕೊಟ್ಟಿದ್ದೆ. "ಎದ್ದು ನಿಂತು ಹೇಳು" ಎಂದಿದ್ದೆ. ಹೇಳಿದೆ.

ಪತ್ರಿಕೆಗಳನ್ನು ನೋಡಿದೆಯಾ? "ವಂಚನೆಗೊಳಗಾದ ಹಿರಿಯ ಸಂಗೀತಕಾರನ ಘನತೆ" ಎಂದು ಬರೆದಿದ್ದಾರೆ. ನನ್ನನ್ನು ನೋಡಿ ನಕ್ಕವರೇ ನನ್ನ ಕೈ ಕುಲುಕಲು ಸಾಲು ನಿಂತರು.

ಈಗ ಮಾತಿನ ತಿರುಳು ಕೇಳು. ನಿನ್ನ ಊರಿನಲ್ಲಿ ಕಾನೂನು ಒಂದೇ ಇದ್ದದ್ದು: ಯಾರಿಂದ ಬಂತೆಂದು ನಿಜ ಹೇಳಬೇಕು. ನಾನು ಸುಮ್ಮನಿದ್ದೆ, ಅಷ್ಟೇ. ನೀನು ಸುಳ್ಳು ಬರೆದೆ. ಇನ್ನು ಮೇಲೆ "ಮೀರ್ ಆಂಡರ್ಸನಿಂದ ಬಂದದ್ದು" ಎಂದು ನೀನು ಯಾವ ಮಟ್ಟಿನ ಬಗ್ಗೆ ಹೇಳಿದರೂ ಜನ ನಗುತ್ತಾರೆ. ಕಾನ್ಸರ್ಟೊದ ಪೋಲ್ಸ್ಕ ಅಪ್ಪನದು ಎಂದು ನಾಳೆ ಚರ್ಚಿನ ಗಂಟೆ ಬಾರಿಸಿ ಸಾರು. ಹಂದಿ ತೊಡೆ ಎಲ್ಲಿ ಎಂದು ಕೇಳುತ್ತಾರೆ.

ಅಪ್ಪನ ಬಾಯನ್ನು ಮಗಳೇ ಮುಚ್ಚಿದಳು. ತೆರೆ ಇಳಿಯಲಿ.

ಆನ್ಸ್‌ಗಾರ್


ಮಾಲ್ಮೊ, 20 ಜನವರಿ 2013

ಆನ್ಸ್‌ಗಾರ್,

ತೆರೆ ಇಳಿಸುವ ಹಗ್ಗ ನಿನ್ನ ಕೈಯಲ್ಲಿದೆ ಎಂದು ಯಾರು ಹೇಳಿದರು?

ನಿನ್ನ ಕಾಗದ ಸತ್ಯವನ್ನೇ ಹೇಳಿತ್ತು, ಅದಕ್ಕೇ ಎರಡು ತಿಂಗಳು ಉರಿಯಿತು. ಕ್ರಿಸ್‌ಮಸ್‌ಗೆ ಊರಿಗೆ ಹೋಗಲಿಲ್ಲ. ಆದರೆ ಕಳೆದ ಭಾನುವಾರ, ಕ್ರಿಸ್‌ಮಸ್ ಮರವನ್ನು ಹೊರಗೆ ಹಾಕುವ ಕುಣಿತಕ್ಕೆ ಊರಿನವರೆಲ್ಲ ಸೇರುತ್ತಾರಲ್ಲ, ಆವತ್ತು ಹೋದೆ. ವೇದಿಕೆ ಹತ್ತಿದೆ. ಪಿಟೀಲುಗಾರರೆಲ್ಲ ಕಮಾನು ಇಳಿಸಿ ಕಲ್ಲಿನಂತೆ ಕೂತರು. ನಾನು ಹೇಳಿದೆ: "ಚರ್ಚಿನಲ್ಲಿ ನುಡಿದದ್ದು ಬ್ರಿಂಕ್ ಊಲಾಫನಿಂದ ಬಂದದ್ದು. ನಾನು ಅದನ್ನು ಅಪ್ಪನ ಹೆಸರಿನಲ್ಲಿ ಕೊಟ್ಟೆ. ಗೊತ್ತಿದ್ದೇ ಕೊಟ್ಟೆ. ಅಪ್ಪನಿಗೂ ಅವಮಾನ ಮಾಡಿದೆ, ಊಲಾಫನಿಗೂ ಮಾಡಿದೆ."

ಮಾರ್ಗಿತ್ ಕುರ್ಚಿಯಿಂದ ಎದ್ದಳು. ಮಂಡಿ ನೋವು, ಎದ್ದು ನಿಲ್ಲಲೇ ಹೊತ್ತು ಹಿಡಿಯಿತು.

"ಮುಗೀತೇನೇ?" ಅಂದಳು.

"ಮುಗಿಯಿತು."

"ಹಾಗಾದ್ರೆ ನುಡಿಸು. ಸರಿಯಾದ ಹೆಸರು ಹೇಳಿ ನುಡಿಸು. ಸ್ಟಾಕ್‌ಹೋಮಿನವರ ಥರ ಎಳೀಬೇಡ, ಮಾಂಸ ಆರೋಗತ್ತೆ."

ನುಡಿಸಿದೆ. ಕಾಲುಗಳು ನೆಲ ತಟ್ಟತೊಡಗಿದವು. ಮುಗಿದ ಮೇಲೆ ಒಬ್ಬ ಹುಡುಗಿ, ಇಪ್ಪತ್ತರವಳು, ಕೇಳಿದಳು, "ಪ್ರೊಫೆಸರು ನಿಮ್ಮ ಹತ್ರ ಯಾಕೆ ಮಟ್ಟು ಕೇಳಿದ್ರು? ಅವರು ಯಾರ ಹತ್ರಾನೂ ತಗೊಳ್ಳಲ್ಲ ಅಂತ ಶಾಲೆ ಪುಸ್ತಕದಲ್ಲಿದೆ."

ನಾನು ಬಾಯಿ ತೆರೆಯಲಿಲ್ಲ ಆನ್ಸ್‌ಗಾರ್. ನಂಬಿಸುವ ಹಕ್ಕು ನನಗೆ ಉಳಿದಿರಲಿಲ್ಲ. ಮಾರ್ಗಿತ್ ತೆರೆದಳು. "ಅದನ್ನೇ ನಾನೂ ಯೋಚಿಸ್ತಿದ್ದೆ. ಮೈಕ್ ಹಿಡಿದು ಅವನೇ ಹೇಳಿದ್ನಲ್ಲ, ಮೀರ್ ಆಂಡರ್ಸನಿಂದ ಬಂದದ್ದು ಅಂತ. ಮೊದಲ ಸಲ ಬರೋವ್ನು ಬಾಗಿಲು ಎಲ್ಲಿದೆ ಅಂತ ಕೇಳ್ತಾನೆ. ಇವನು ಸೀದಾ ಒಳಗೇ ಬಂದ. ಅಂದ್ರೆ ಹಿಂದೇನೂ ಇಲ್ಲಿಂದ ಒಯ್ದವನೇ. ಹಾಗಾದ್ರೆ ಕೇಳ್ರೋ. ನನ್ನ ಮದುವೇಲಿ ಆಂಡರ್ಸ್, ನೀವು ವಿಕ್‌ಬ್ಲಾಡರದು ಅನ್ನೋ ಆ ಪೋಲ್ಸ್ಕ ನುಡಿಸಿದ್ದ. ಎಪ್ಪತ್ತನಾಲ್ಕರಲ್ಲಿ. ನನ್ನ ಗಂಡ ನನ್ನ ಕಾಲು ತುಳಿದ ಅದಕ್ಕೆ ಕುಣೀತಾ. ಆಗ ಈ ಪ್ರೊಫೆಸರು ಓಸ್ಬಿ ಎಲ್ಲಿದೆ ಅಂತ ನಕಾಶೆಯಲ್ಲೂ ನೋಡಿರಲಿಲ್ಲ."

"ಇಷ್ಟು ವರ್ಷ ಯಾಕಜ್ಜಿ ಹೇಳ್ಲಿಲ್ಲ?" ಅಂದಳು ಹುಡುಗಿ.

"ಆಂಡರ್ಸ್ ಬೇಡ ಅಂದಿದ್ದ. ತಗೊಂಡವನೇ ಹೇಳ್ಬೇಕು ಅಂತಿದ್ದ. ಅಲ್ಲದೆ ರೇಡಿಯೊದಲ್ಲಿ ಬಂದ ಮೇಲೆ ನಮಗೇ ಅನುಮಾನ ಬಂತು, ನಾವೇ ತಪ್ಪು ನೆನಪಿಟ್ಕೊಂಡಿದೀವೇನೋ ಅಂತ. ಈಗ ತಗೊಂಡವನೇ ಹೇಳಿದಾನೆ. ಮಟ್ಟು ತಪ್ಪು, ಹೆಸರು ಸರಿ."

ಅವರಲ್ಲಿ ಹಿರಿಯ ಪಿಟೀಲುಗಾರ ಕಮಾನು ಎತ್ತಿದ. "ಇದು ಮೀರ್ ಆಂಡರ್ಸನಿಂದ ಬಂದದ್ದು," ಅಂದ. ಅಪ್ಪನ ಪೋಲ್ಸ್ಕ ಎದ್ದಿತು. ನಾನು ನುಡಿಸಲಿಲ್ಲ, ಕೇಳಿದೆ.

ನನ್ನನ್ನು ಕೊಲ್ಲಲು ನೀನು ಆ ಹೆಸರನ್ನು ಎತ್ತಿಕೊಂಡೆ. ಅದು ನಿನ್ನ ಬಾಯಿಂದಲೇ, ದೇಶವೆಲ್ಲ ಕೇಳುವ ಹಾಗೆ, ಹೊರಬಿತ್ತು. ನಾನು ಎಷ್ಟು ಬೇಡಿದ್ದರೂ ಸಿಗದಿದ್ದ ಸಾಕ್ಷಿಯನ್ನು ನೀನು ಕೋಪಕ್ಕೆ ಕೊಟ್ಟೆ.

ಇನ್ನೊಂದು ಸುದ್ದಿ. ಮಾರ್ಚ್ ಎಂಟರಂದು ನಮ್ಮ ವಾದ್ಯವೃಂದ ನಿನ್ನ ಕಾನ್ಸರ್ಟೊ ನುಡಿಸುತ್ತಿದೆ. ನಿನಗೂ ಆಹ್ವಾನ ಬಂದಿರುತ್ತದೆ, ಮೊದಲ ಸಾಲಿನಲ್ಲಿ. ಕೊನೆಯ ಭಾಗ ಶುರುವಾಗುವ ಮೊದಲು ನಾನು ಕುರ್ಚಿಯಿಂದ ಎದ್ದು ನಿಂತು ಆ ವಾಕ್ಯ ಹೇಳುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ. ಅದಕ್ಕಿಂತ ಮೊದಲು ನೀನೇ ಎದ್ದು ಹೇಳಿದರೆ ನಾನು ಕೂತೇ ಇರುತ್ತೇನೆ. ಆಯ್ಕೆ ನಿನ್ನದು.

ಕೆರ್ಸ್ಟಿ


ಸ್ಟಾಕ್‌ಹೋಮ್, 26 ಫೆಬ್ರವರಿ 2013

ಕೆರ್ಸ್ಟಿ,

ಪ್ರಕಾಶಕರಿಗೆ ಬರೆದಿದ್ದೇನೆ. ಕಾನ್ಸರ್ಟೊವನ್ನು ಹಿಂತೆಗೆದುಕೊಂಡಿದ್ದೇನೆ. ಮಾಲ್ಮೊದಲ್ಲಿ ಮಾತ್ರವಲ್ಲ, ಎಲ್ಲಿಯೂ, ಯಾರೂ, ನಾನು ಬದುಕಿರುವವರೆಗೆ ಅದನ್ನು ನುಡಿಸುವಂತಿಲ್ಲ. ಸತ್ತ ಮೇಲೂ ನುಡಿಸಬಾರದೆಂದು ವಕೀಲರ ಬಳಿ ಬರೆಸಿದ್ದೇನೆ.

ನಿನಗೆ ಎದ್ದು ನಿಲ್ಲಲು ನಾನು ವೇದಿಕೆ ಕಟ್ಟಿಕೊಡುವುದಿಲ್ಲ. ಸ್ವಂತ ಮನೆಗೆ ಸ್ವಂತ ಕೈಯಿಂದ ಬೆಂಕಿ ಇಡುತ್ತೇನೆ, ಆದರೆ ನಿನ್ನನ್ನು ಆ ಬೆಳಕಿನಲ್ಲಿ ನಿಂತುಕೊಳ್ಳಲು ಬಿಡುವುದಿಲ್ಲ. ಪತ್ರಿಕೆಯವರು ಕಾರಣ ಕೇಳುತ್ತಿದ್ದಾರೆ. ನಾನು ಫೋನ್ ಎತ್ತುತ್ತಿಲ್ಲ.

ಒಂದು ಮಾತು. ಕೊನೆಯ ಭಾಗ ನಿಮ್ಮಪ್ಪನದು. ಆಯಿತು, ಬರೆದಿದ್ದೇನೆ, ಓದಿಕೋ. ಆದರೆ ಎರಡನೆಯ ಭಾಗದಲ್ಲಿ, ಆ ನಿಧಾನದ ಭಾಗದಲ್ಲಿ, ಓಸ್ಬಿಯ ಒಂದು ಸ್ವರವೂ ಇಲ್ಲ. ಆ ಬೇಸಿಗೆ ಮುಗಿದು ನೀನು ಮಾಲ್ಮೊದ ರೈಲು ಹತ್ತಿದ ವಾರ ಬರೆದದ್ದು. ಯಾರಿಗಾಗಿ ಎಂದು ನೀನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಇನ್ನು ಕೇಳಬೇಡ. ಅದೂ ಸುಟ್ಟುಹೋಯಿತು.

ಮತ್ತೆ ಬರೆಯಬೇಡ.

ಆನ್ಸ್‌ಗಾರ್


ಓಸ್ಬಿ, 24 ಜೂನ್ 2013

ಆನ್ಸ್‌ಗಾರ್,

ಬರೆಯಬೇಡ ಎಂದಿದ್ದೆ. ನಿನ್ನ ಮಾತು ಕೇಳುವ ಅಭ್ಯಾಸ ನನಗಿಲ್ಲ.

ಮೊನ್ನೆ ಮಧ್ಯ ಬೇಸಿಗೆಯ ಹಬ್ಬ. ಹೂವಿನ ಕಂಬದ ಸುತ್ತ ಅಪ್ಪನ ಪೋಲ್ಸ್ಕವನ್ನು ಮೂರು ಸಲ ನುಡಿಸಿದರು, ಮೂರು ಸಲವೂ ಹೆಸರು ಹೇಳಿದರು. "ವಿಕ್‌ಬ್ಲಾಡರ ಮಟ್ಟು" ಎಂದು ಯಾರೂ ಅನ್ನಲಿಲ್ಲ. ಆ ಪೋಲ್ಸ್ಕದಲ್ಲಿ ನಿನ್ನದು ಏನೂ ಇರಲಿಲ್ಲ, ಆದ್ದರಿಂದ ನೀನು ಹಿಂತೆಗೆದುಕೊಂಡ ಮೇಲೂ ಅದಕ್ಕೆ ಒಂದು ಕೂದಲೂ ಕೊಂಕಿಲ್ಲ. ನೀನು ಬೆಂಕಿ ಇಟ್ಟದ್ದು ನಿನ್ನ ಪಾಲಿಗೆ ಮಾತ್ರ. ನಿನಗೆ ಕೊಟ್ಟ ಪದಕದ ಪ್ರಶಸ್ತಿಪತ್ರದಲ್ಲಿ ಈಗ ಇಲ್ಲದ ಕೃತಿಯೊಂದರ ಹೆಸರಿದೆಯಂತೆ. ಓದಿ ನಕ್ಕೆ. ನಗಬಾರದೇಕೆ?

ಸಂತೋಷವಾಗಿದೆ ಎಂದು ಬರೆಯಲು ಕೂತೆ. ಆಗಿದೆ. ಅಪ್ಪನಿಗೆ ಮದುವೆಗಳಲ್ಲಿ ಹುಡುಗರು ಹೇಳಿದ ಒಂದೊಂದು ಮಾತಿಗೂ ನಿನ್ನ ಒಂದೊಂದು ಮಾಳಿಗೆ ಕುಸಿಯಲಿ ಎಂದು ಬೇಡಿಕೊಂಡಿದ್ದೆ. ಕುಸಿಯಿತು. ಇನ್ನೂ ಇದ್ದರೆ ಅವೂ ಕುಸಿಯಲಿ.

ಆದರೆ ನಿನ್ನೆ ಮನೆಯಲ್ಲಿ ಒಬ್ಬಳೇ ಇದ್ದೆ. ನಿನ್ನ ಎರಡನೆಯ ಭಾಗವನ್ನು ನುಡಿಸಿದೆ, ನೆನಪಿನಿಂದ, ಪೂರ್ತಿಯಾಗಿ. ಚೆನ್ನಾಗಿದೆ. ನೀನು ಬರೆದದ್ದರಲ್ಲೆಲ್ಲ ಅದೊಂದೇ ನಿಜವಾಗಿ ಚೆನ್ನಾಗಿದೆ. ಯಾರಿಗಾಗಿ ಎಂದು ಕೇಳುವುದಿಲ್ಲ, ಹೆದರಬೇಡ. ಕೇಳಿ ನಿನಗೆ ಆ ಸುಖ ಕೊಡುವುದಿಲ್ಲ.

ನುಡಿಸುವ ಮೊದಲು ಪಿಟೀಲನ್ನು ಭುಜಕ್ಕಿಟ್ಟುಕೊಂಡು, ಖಾಲಿ ಅಡುಗೆಮನೆಯ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದೆ: "ಇದು ಆನ್ಸ್‌ಗಾರ್ ವಿಕ್‌ಬ್ಲಾಡನಿಂದ ಬಂದದ್ದು."

ಇಷ್ಟೇ ಇತ್ತು ನೋಡು. ಒಂದು ಉಸಿರೂ ಪೂರ್ತಿ ಬೇಕಾಗಲಿಲ್ಲ.

ಮೀರ್ ಕೆರ್ಸ್ಟಿ